ಶೇಖಾವಲಿಯ ಎಡಗಾಲು

ನಮ್ಮ ಶೇಖಾವಲಿಯ ಎಡಗಾಲು ಇರುವ ತನಕ ಹಗರಿಬೊಮ್ಮನಹಳ್ಳಿಯಲ್ಲಿ ಬೆನ್ನಿನ ಡಾಕ್ಟರು ಯಾರೂ ಬೋರ್ಡು ಹಾಕಿ ಬದುಕಲಾರರು ಎಂದು ನಾನು ಬಹಳ ವರ್ಷದಿಂದ ಸಾರಿಕೊಂಡು ಬಂದವನು. ಸುಮ್ಮನೆ ಸಾರಿದ್ದಲ್ಲ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ನಮ್ಮದೂ ಸೇರಿ ಐದು ತಾಲ್ಲೂಕಿನಲ್ಲಿ ಆ ಕಾಲಿಗೆ ಬಗ್ಗದ ಬೆನ್ನುನೋವು ಇನ್ನೂ ಹುಟ್ಟಿರಲಿಲ್ಲ. ಕೊಟ್ಟೂರಿನಿಂದ ಕುಡಗೋಲಿನಂತೆ ಬಾಗಿ ಬಂದ ಒಬ್ಬ ಮಾಸ್ತರು ಆ ಕಾಲು ತಗುಲಿದ್ದೇ ತಡ ಎಷ್ಟು ನೆಟ್ಟಗಾದರೆಂದರೆ, ಮರಳಿ ಹೋಗುವಾಗ ಬಸ್ಸಿನ ಬಾಗಿಲಿಗೆ ಹಣೆ ಬಡಿಸಿಕೊಂಡು ಅದಕ್ಕೆ ಬೇರೆ ಔಷಧ ಮಾಡಿಸಬೇಕಾಯಿತು. ಗುಡೇಕೋಟೆ ಗುಡ್ಡದ ಕರಡಿಗಳು ಸೊಂಟ ಹಿಡಿದುಕೊಂಡು ನಸುಕಿನಲ್ಲಿ ಅವನ ಅಂಗಡಿ ಮುಂದೆ ಸಾಲುಗಟ್ಟಿದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಕಂಡವರನ್ನು ಕಂಡಿದ್ದೇನೆ.

ಶೇಖಾವಲಿಯ ಅಂಗಡಿ ಕೂಡ್ಲಿಗಿ ರಸ್ತೆಯಲ್ಲಿ, ನನ್ನ ಹಗ್ಗದ ಅಂಗಡಿಗೆ ಗೋಡೆ ಹಂಚಿಕೊಂಡಿದೆ. ಲಾರಿ, ಟ್ರ್ಯಾಕ್ಟರ್ ಟ್ರೇಲರುಗಳ ಭಾರ ಹೊರುವ ಆ ಬಾಗಿದ ಉಕ್ಕಿನ ಕಮಾನ್ ಪಟ್ಟಿಗಳನ್ನು ಬಿಚ್ಚುವುದು, ಮುರಿದದ್ದನ್ನು ತೆಗೆದು ಹೊಸದು ಸೇರಿಸುವುದು, ಮತ್ತೆ ಕಟ್ಟುವುದು ಅವನ ಕಸುಬು. ಒಂದೊಂದು ಕಟ್ಟೂ ಒಂದು ಸಣ್ಣ ಕೋಣದಷ್ಟು ತೂಕ. ಅದನ್ನು ಬಗ್ಗಿ ಎತ್ತಿ, ಬಗ್ಗಿ ಇಳಿಸಿ ಅವನು ಮುದುಕನಾದ.

ಕಾಲಿನ ಗುಣ ಮಾತ್ರ ಕಸುಬಿನಿಂದ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು. ಹಡಗಲಿ ತಾಲ್ಲೂಕಿನ ಇಟ್ಟಿಗಿಯಲ್ಲಿ, ತಾಯಿಯ ತವರಿನಲ್ಲಿ ಅವನು ಕಾಲು ಮುಂದಾಗಿ ಹುಟ್ಟಿದ. ಹಾಗೆ ಹುಟ್ಟಿದವರು ಉಳುಕಿದ ಬೆನ್ನಿಗೆ ಪಾದ ಮುಟ್ಟಿಸಿದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆ ಎಲ್ಲ ಜಾತಿಯವರಿಗೂ ಗೊತ್ತಿರುವ ವಿಷಯ. ಕ್ರಮವೂ ಅಷ್ಟೇ ಸರಳ. ಬೆನ್ನು ಹಿಡಿದವನು ಬೆಳಿಗ್ಗೆ ಏನೂ ತಿನ್ನದೆ ಬಂದು ಅಂಗಡಿ ಮುಂದಿನ ಬಂಡೆಯ ಮೇಲೆ ಬೋರಲು ಮಲಗಬೇಕು. ಶೇಖಾವಲಿ ಕಾಲು ತೊಳೆದುಕೊಂಡು, ಬಿಸ್ಮಿಲ್ಲಾ ಅಂದು, ನೋವಿದ್ದಲ್ಲಿ ಅಂಗಾಲು ಊರಿ ಒಂದು ಸಣ್ಣ ಒದೆ ಕೊಡುತ್ತಾನೆ. ಮಲಗಿದವನು ಎದ್ದು ಕೈ ಮುಗಿದು ಹಿಂದೆ ನೋಡದೆ ಹೋಗಬೇಕು. ದುಡ್ಡು ತೆಗೆದುಕೊಂಡರೆ ಗುಣ ಹೋಗುತ್ತದೆ. ಹೊಲದಲ್ಲಿ ಬೆಳೆದ ಸವತಿಕಾಯಿ ಬಿಟ್ಟುಹೋದರೆ ಗುಣ ಹೋಗುವುದಿಲ್ಲ. ಹಾಗಾಗಿ ಅವನ ಹೆಂಡತಿ ಸೈದಾ ಬೀ ಮನೆಯಲ್ಲಿ ವರ್ಷವಿಡೀ ಸವತಿಕಾಯಿ ಪಲ್ಯ. "ನಿಮ್ಮ ಕಾಲಿನ ದೆಸಿಂದ ನನ್ನ ನಾಲಿಗಿ ಸವತಿ ಬಳ್ಳಿ ಆಗೇತಿ" ಎಂದು ಅವಳು ಗಂಡನನ್ನು ಬೈಯುವುದು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು.

ಹೋದ ವರ್ಷ ಜೋಳದ ರಾಶಿ ಮುಗಿದ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಮೆಕ್ಕೆಜೋಳದ ವ್ಯಾಪಾರಿ ಗುರುಬಸವರಾಜ ಬಂದು ಬಂಡೆಯ ಮೇಲೆ ಮಲಗಿದ. ಊರಿನ ದೊಡ್ಡ ಕುಳ, ಒಂದು ಕಾಲಕ್ಕೆ ಪಂಚಾಯ್ತಿ ಮೆಂಬರೂ ಆಗಿದ್ದವನು. ಶೇಖಾವಲಿ ಕಾಲೆತ್ತಿದ. ಪಾದ ಮೇಲೇಳಲಿಲ್ಲ. ಕಣಕಾಲಿನಿಂದ ಕೆಳಗೆ ಜೋತುಬಿದ್ದು, ಗುರುಬಸವರಾಜನ ಸೊಂಟಕ್ಕೆ ಪಟ್ ಎಂದು ಬಿತ್ತು.

"ಏನೋ ಶೇಖಾವಲಿ, ಕಾಲಿಟ್ಟಂಗ ಆಗ್ಲಿಲ್ಲಲ್ಲೋ. ಹಸಿ ಟವಲ್ ಒಗದಂಗಾತು."

"ನಿಮ್ದು ಇವತ್ತು ಸಣ್ಣ ಉಳುಕೈತ್ರಿ ಸಾವ್ಕಾರ. ಸಣ್ಣದಕ್ಕ ಇಷ್ಟ ಸಾಕು."

ಗುರುಬಸವರಾಜ ನಂಬಿ ಹೋದ. ನಾನು ನಂಬಲಿಲ್ಲ. ಹಗ್ಗ ಮಾರುವವನಿಗೆ ಯಾವ ಎಳೆ ಸಡಿಲಾಗಿದೆ ಎಂದು ಕಣ್ಣಿಗೆ ಗೊತ್ತಾಗುತ್ತದೆ.

"ಲೇ ಶೇಖಾ, ಕಾಲಿಗೇನಾಗೈತಿ?"

"ಏನಾಗಿಲ್ಲ."

"ಹಂಗಾರ ಹೆಬ್ಬೆಟ್ಟು ಎತ್ತು ನೋಡೂಣು."

ಅವನು ತನ್ನ ಎಡಗಾಲಿನ ಹೆಬ್ಬೆರಳನ್ನು ನೋಡಿದ. ನಾನೂ ನೋಡಿದೆ. ಹೆಬ್ಬೆರಳು ಯಾರಿಗೂ ಸಂಬಂಧವಿಲ್ಲದಂತೆ ಬಿದ್ದುಕೊಂಡಿತ್ತು.

"ಎತ್ತಾಕತ್ತೀನಲ್ಲೋ ಬೆನಕಾ," ಎಂದ ಶೇಖಾವಲಿ. ಅವನ ಹಣೆ ಬೆವೆತಿತ್ತು.

ಸೈದಾ ಬೀ ಒಳಗಿನಿಂದ ಬಂದಳು. ಮುಚ್ಚಿಟ್ಟದ್ದೆಲ್ಲ ಹೊರಗೆ ಬಂತು. "ಎಷ್ಟೋ ದಿನ ಆತು ಬೆನಕಪ್ಪಣ್ಣ. ಸೊಂಟದಿಂದ ಮೀನಖಂಡದ ತನಕ ಕರೆಂಟ್ ಹೊಡದಂಗ ಆಗ್ತೈತಂತ. ಮಕ್ಕಂಡ್ರ ಹೊಳ್ಳಾಕ ಆಗವಲ್ದು, ಕುಂತ್ರ ಏಳಾಕ ಆಗವಲ್ದು. ಮೆಡಿಕಲ್ ಶಾಪಿನ ಗುಳಿಗಿ ನುಂಗಿ ನುಂಗಿ ಹೊಟ್ಟಿನೂ ಸುಟ್ಕೊಂಡಾರ. ಈಗ ನಾಕು ದಿನದಿಂದ ಪಾದನ ಏಳವಲ್ದು. ದವಾಖಾನಿಗೆ ನಡೀರಿ ಅಂದ್ರ ನನ್ನ ಮ್ಯಾಲೆ ಹರಿಹಾಯ್ತಾರ."

"ಹರಿಹಾಯದ ಏನು ಮಾಡ್ಲಿ?" ಎಂದ ಶೇಖಾವಲಿ. "ಊರ ಮಂದಿ ಬೆನ್ನು ನೋಡಾಂವ ನಾನು. ನಾನ ದವಾಖಾನಿ ಬೆಂಚಿನ ಮ್ಯಾಲೆ ಕುಂತದ್ದು ಒಬ್ಬ ನೋಡಿದ್ರ ಮುಗೀತು. ಅದೂ ಅಲ್ದ ಅವ್ರು ಆಪ್ರೇಷನ್ ಅಂತಾರ. ರಾಡ್ ಹಾಕ್ತಾರಂತ, ಸ್ಕ್ರೂ ಬಿಗಿತಾರಂತ. ಬೆನ್ನು ಕೊಯ್ಸಿಕೊಂಡಾಂವ ಎದ್ದು ನಡದದ್ದು ನೀ ನೋಡೀಯೇನು?"

ನಾನು ನೋಡಿರಲಿಲ್ಲ. ನಡೆಯದವನನ್ನೂ ನೋಡಿರಲಿಲ್ಲ. ಆದರೆ ನಮ್ಮೂರ ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಬೆನ್ನಿನ ಆಪರೇಷನ್ನಿನ ಮಾತು ಬಂದರೆ ಸಾಕು, ಪ್ರತಿಯೊಬ್ಬನಿಗೂ ಹಾಸಿಗೆ ಹಿಡಿದ ಒಬ್ಬ ಷಡ್ಡಕ ಇರುತ್ತಿದ್ದ.

"ನನ್ನ ಬೆನ್ನಿಗೂ ಬೇಕಾಗಿರೋದು ಒಂದು ಕಾಲು, ಅಷ್ಟ," ಎಂದ ಶೇಖಾವಲಿ. "ನನ್ನ ಕಾಲು ನನ್ನ ಬೆನ್ನಿಗೆ ಮುಟ್ಟಂಗಿಲ್ಲ. ಇನ್ನೊಬ್ಬನ್ನ ಹುಡುಕಬೇಕು."

ಹೀಗೆ ಐದು ತಾಲ್ಲೂಕಿನ ಬೆನ್ನು ನೋಡಿದವನು ತನ್ನ ಬೆನ್ನಿಗೊಂದು ಕಾಲು ಹುಡುಕಿಕೊಂಡು ಹೊರಟ. ನನ್ನ ಅಂಗಡಿಯ ಲಗೇಜ್ ಆಟೋದಲ್ಲಿ ಗಾದಿ ಹಾಸಿ ಅವನನ್ನು ಬೋರಲು ಮಲಗಿಸಿದೆವು. ಸೈದಾ ಬೀ ಪಕ್ಕದಲ್ಲಿ ಕೂತಳು. ನಾನು ಚಾಲಕ. ನನ್ನ ಚಾಲನೆ ಎಂಥದೆಂದರೆ, ರಸ್ತೆಯಲ್ಲಿ ಇಲ್ಲದ ಗುಂಡಿಯನ್ನೂ ಹುಡುಕಿ ಇಳಿಸುತ್ತೇನೆ. ಪ್ರತಿ ಗುಂಡಿಗೂ ಹಿಂದಿನಿಂದ ನನ್ನ ವಂಶಾವಳಿಯ ಒಬ್ಬೊಬ್ಬರ ಹೆಸರು ಕೇಳಿಬರುತ್ತಿತ್ತು.

ಕೊಟ್ಟೂರಿನಲ್ಲಿ ಕಾಲು ಮುಂದಾಗಿ ಹುಟ್ಟಿದವರೊಬ್ಬರಿದ್ದರು, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಹಡಗಲಿಯವನು ಬದುಕಿದ್ದ, ಆದರೆ ಮನೆಯಲ್ಲಿರಲಿಲ್ಲ. ಅವನಿಗೇ ಸೊಂಟ ಹಿಡಿದು, ಶೇಖಾವಲಿಯನ್ನು ಹುಡುಕಿಕೊಂಡು ಬೆಳಿಗ್ಗೆಯ ಬಸ್ಸಿಗೆ ನಮ್ಮೂರಿಗೆ ಹೋಗಿದ್ದನಂತೆ.

ಹರಪನಹಳ್ಳಿಯಲ್ಲಿ ಪಾಲಾಕ್ಷ ಎಂಬ ಹುಡುಗ ಸಿಕ್ಕ. ಮೊಬೈಲ್ ರಿಪೇರಿ ಅಂಗಡಿ, ಗಿಡ್ಡ ಗಡ್ಡ, ಕಿವಿಯಲ್ಲಿ ಒಂದು ವೈರು. ಅವನ ಕಾಲಿಗೂ ಒಳ್ಳೆಯ ಹೆಸರಿತ್ತು. ಆದರೆ ಶೇಖಾವಲಿ ಈ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಮೊದಲು ತಾಯಿಯನ್ನು ವಿಚಾರಿಸಬೇಕು ಎಂದ. ಒಳಗಿನಿಂದ ತಾಯಿ ಬಂದರು.

"ಕಾಲು ಮುಂದಾಗಿದ್ದು ನಿಜ ಕಣಪ್ಪಾ," ಎಂದರು ಆಕೆ. "ಡಾಕ್ಟ್ರು ನೋಡಿ, ಹಿಂಗಾದ್ರೆ ಆಗಲ್ಲ ಅಂತ ಹೊಟ್ಟೆ ಕೊಯ್ದು ತೆಗುದ್ರು."

ಶೇಖಾವಲಿಯ ಮುಖ ಇಳಿಯಿತು. ನನ್ನನ್ನು ಹತ್ತಿರ ಕರೆದು, "ಇವ ಬಾಗಲದಿಂದ ಬಂದಾಂವ ಅಲ್ಲೋ ಬೆನಕಾ. ಗ್ವಾಡಿ ಒಡದು ಬಂದಾಂವ. ಇಂಥಾವ್ನ ಕಾಲು ನಡೀತೈತೇನು?" ಎಂದ.

"ಒಳಗ ಇದ್ದಾಗ ಕಾಲು ಮುಂದ ಇತ್ತಲ್ಲ, ಸಾಕಲ್ಲೇನು?"

"ಒಳಗ ಇದ್ದದ್ದು ಯಾರು ನೋಡ್ಯಾರ?"

"ಡಾಕ್ಟರ್ರು ಸ್ಕ್ಯಾನ್ ಮಾಡಿ ನೋಡ್ಯಾರಲ್ಲೋ."

"ಬೆನ್ನಿನ ವಿಷಯದಾಗ ನಾವು ಡಾಕ್ಟರ್ರ ಮಾತು ನಂಬಂಗಿಲ್ಲಲ್ಲ, ಇದನ್ನಷ್ಟ ಹ್ಯಾಂಗ ನಂಬೂದು?"

ಶಾಸ್ತ್ರಾರ್ಥ ಬಹಳ ಹೊತ್ತು ನಡೆಯಿತು. ಕಾಲು ಮುಂದಾದ ಕೂಸುಗಳನ್ನೆಲ್ಲ ಈಗ ಆಸ್ಪತ್ರೆಯವರು ಹೊಟ್ಟೆ ಕೊಯ್ದೇ ತೆಗೆಯುವುದರಿಂದ ತನ್ನಂಥವರ ಸಂತತಿ ಇನ್ನು ಮುಗಿದಂತೆಯೇ ಎಂಬುದು ಶೇಖಾವಲಿಗೆ ಅವತ್ತೇ ಮೊದಲ ಸಲ ಹೊಳೆದದ್ದು. ಕಡೆಗೆ, ಬಂದದ್ದು ಬಂದಿದ್ದೇವೆ ಎಂದು ಪಾಲಾಕ್ಷನ ಮುಂದೆ ಮಲಗಿದ. ಪಾಲಾಕ್ಷ ಫೋನಿನಲ್ಲಿ ಯಾರಿಗೋ ಬ್ಯಾಟರಿಯ ವಿಚಾರ ಹೇಳುತ್ತಲೇ ಒಂದು ಒದ್ದ. ಫುಟ್ಬಾಲ್ ಆಡಿದ ಕಾಲಿರಬೇಕು. ಶೇಖಾವಲಿ ಕೂಗಿದ ಕೂಗಿಗೆ ಹರಪನಹಳ್ಳಿ ಕೆರೆಯ ಕೊಕ್ಕರೆಗಳೆಲ್ಲ ಎದ್ದು ದಾವಣಗೆರೆಯ ಕಡೆ ಹಾರಿಹೋದವು.

ಗುಣವಾಗುವುದಿರಲಿ, ಕಾಲು ಇನ್ನಷ್ಟು ಭಾರವಾಯಿತು. ಆದರೂ ಹಟ ಬಿಡಲಿಲ್ಲ. ಗುಡೇಕೋಟೆಯಲ್ಲಿ ಕುರಿ ಕಾಯುವ ಎರ್ರೆಮ್ಮ ಎಂಬ ಮುದುಕಿ ಇದ್ದಾಳೆ, ಹುಟ್ಟಿದ್ದು ಅಡವಿಯಲ್ಲಿ, ಹತ್ತಿರ ಡಾಕ್ಟರೂ ಇರಲಿಲ್ಲ, ಕತ್ತರಿಯೂ ಇರಲಿಲ್ಲ, ಅಪ್ಪಟ ಕಾಲು ಎಂದು ಯಾರೋ ಹೇಳಿದರು. ಮರುದಿನ ಮತ್ತೆ ಆಟೋ, ಮತ್ತೆ ಗಾದಿ, ಮತ್ತೆ ನನ್ನ ವಂಶಾವಳಿ.

ಎರ್ರೆಮ್ಮನ ಕುರಿಹಟ್ಟಿ ರಸ್ತೆಯಿಂದ ಮೇಲಕ್ಕೆ, ಜಾಲಿಗಿಡಗಳ ನಡುವೆ ಇತ್ತು. ಆಟೋ ಹತ್ತಲಿಲ್ಲ. ಶೇಖಾವಲಿ ನನ್ನ ಹೆಗಲು ಹಿಡಿದು, ಎಡಗಾಲನ್ನು ಮೊಣಕಾಲಿನಿಂದ ಎತ್ತೆತ್ತಿ ಇಡುತ್ತ ನಡೆದ. ಮುದುಕಿ ಹಟ್ಟಿಯ ಬಾಗಿಲಲ್ಲಿ ನಿಂತು ನಾವು ಬರುವುದನ್ನೇ ನೋಡುತ್ತಿದ್ದಳು. ಹತ್ತಿರ ಹೋದ ಮೇಲೆ ಅವಳು ಕೇಳಿದ್ದು ಬೆನ್ನಿನ ವಿಚಾರವಲ್ಲ.

"ನಿನ್ನ ಎಡಗಾಲಿನ ಚಪ್ಲಿ ಎಲ್ಲೈತೋ ಸಾಬಣ್ಣಾ?"

ಶೇಖಾವಲಿ ಕೆಳಗೆ ನೋಡಿದ. ಚಪ್ಪಲಿ ಇರಲಿಲ್ಲ. ತಿರುಗಿ ನೋಡಿದರೆ, ಅಷ್ಟು ದೂರ ಹಿಂದೆ, ದಾರಿಯ ನಡುವೆ ಬಿದ್ದಿತ್ತು. ಅಂಗಾಲಿಗೆ ಜಾಲಿಮುಳ್ಳು ನೆಟ್ಟು ರಕ್ತ ಬರುತ್ತಿತ್ತು. ಸೈದಾ ಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಚಪ್ಲಿ ಕಳಚಿದ್ದು ತಿಳೀಲಿಲ್ಲ. ಮುಳ್ಳು ಹೊಕ್ಕಿದ್ದೂ ತಿಳೀಲಿಲ್ಲ," ಎಂದಳು ಎರ್ರೆಮ್ಮ.

"ಬೆನ್ನಿಗೆ ಒಂದು ಸಲ ಕಾಲು ಮುಟ್ಸವ್ವಾ ಸಾಕು. ಬಹಳ ದೂರದಿಂದ ಬಂದೀನಿ."

"ಉಳುಕಿಗಾದ್ರ ಮುಟ್ಸೇನು. ಇದು ಉಳುಕಲ್ಲಪ್ಪಾ. ನನ್ನ ಕುರಿ ಹಿಂಗ ಕಾಲು ಎಳದ್ರ ನಾನು ದನದ ಡಾಕ್ಟರ್ನ ಕರಸ್ತೀನಿ. ನೀ ಮನುಷ್ಯಾ ಅದೀ. ಮನುಷ್ಯಾರ ಡಾಕ್ಟರ್ ಕಡಿ ಹೋಗು." ಅಷ್ಟು ಹೇಳಿ ಮುದುಕಿ ಕೂತು, ಅವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆದಳು. ಮುಳ್ಳು ಬೆರಳುದ್ದ ಇತ್ತು. ಶೇಖಾವಲಿಯ ಮುಖದ ಒಂದು ಗೆರೆಯೂ ಅಲುಗಲಿಲ್ಲ. ನೋವಾಗದೇ ಇರುವುದನ್ನು ಕಂಡು ಒಬ್ಬ ಮನುಷ್ಯ ಅಷ್ಟು ಹೆದರಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಟೋದಲ್ಲಿ ಮಲಗಿದ ಮೇಲೆ ಶೇಖಾವಲಿ ಒಂದು ಗುಂಡಿಗೂ ಬೈಯಲಿಲ್ಲ. ಕೂಡ್ಲಿಗಿ ಹತ್ತಿರವಾದಾಗ ಹಿಂದಿನಿಂದ ಸಣ್ಣ ದನಿ ಬಂತು. "ಬೆನಕಾ, ದಾವಣಗೆರಿಗೆ ಯಾವ ಕಡಿ ಹೊಳ್ಳಬೇಕು?"

ದಾವಣಗೆರೆಯ ಆಸ್ಪತ್ರೆಯಲ್ಲಿ ಬೆನ್ನುಹುರಿಯ ಡಾಕ್ಟರು ಸುಕನ್ಯಾ ಎಂಬ ಹೆಣ್ಣುಮಗಳು. ಶೇಖಾವಲಿಯ ಹಿರಿಮಗಳ ವಯಸ್ಸಿರಬಹುದು. ಪಾದದ ಮೇಲೆ ಕೈಯಿಟ್ಟು ಎತ್ತಿ ಅಂದರು, ತುಳಿಯಿರಿ ಅಂದರು, ಸೂಜಿಮೊನೆ ತಾಗಿಸಿ ಗೊತ್ತಾಗುತ್ತಾ ಅಂದರು. ಆಮೇಲೆ ಎಂಆರ್‌ಐ ಮಾಡಿಸಿದರು. ಆ ಕೊಳವೆಯೊಳಗಿನ ಸದ್ದು ತನ್ನ ಅಂಗಡಿಯ ಸುತ್ತಿಗೆ ಸದ್ದಿಗಿಂತ ಕಡಿಮೆ ಎಂದು ಶೇಖಾವಲಿ ಅಲ್ಲೇ ಒಂದು ನಿದ್ದೆ ತೆಗೆದ.

"ಇದಕ್ಕೆ ಇಲ್ಲೀವರೆಗೆ ಏನು ಚಿಕಿತ್ಸೆ ಮಾಡಿಸಿದ್ದೀರಿ?" ಎಂದು ಡಾಕ್ಟರು ಕೇಳಿದರು.

ಶೇಖಾವಲಿ ಗೋಡೆ ನೋಡಿದ. ನಾನು ಫ್ಯಾನು ನೋಡಿದೆ. ಸೈದಾ ಬೀ ಎಲ್ಲವನ್ನೂ ಹೇಳಿಬಿಟ್ಟಳು, ಹುಟ್ಟಿದ್ದರಿಂದ ಹಿಡಿದು ಪಾಲಾಕ್ಷನ ಒದೆಯ ತನಕ, ಸವತಿಕಾಯಿಯನ್ನೂ ಬಿಡದೆ.

ಡಾಕ್ಟರು ನಗಲಿಲ್ಲ. "ನೀವು ಕಾಲು ಮುಟ್ಟಿಸಿದ ಮೇಲೆ ಅವರಿಗೆ ಎಷ್ಟು ದಿನಕ್ಕೆ ವಾಸಿಯಾಗುತ್ತೆ?"

"ಕೆಲವ್ರಿಗೆ ನಾಕು ದಿನ, ಕೆಲವ್ರಿಗೆ ಹದಿನೈದು ದಿನ ಹಿಡೀತೈತ್ರಿ."

"ಬರೀ ಉಳುಕಾಗಿದ್ರೆ, ನೀವು ಮುಟ್ಟದೆ ಇದ್ರೂ ಹೆಚ್ಚು ಕಡಿಮೆ ಅಷ್ಟೇ ದಿನಕ್ಕೆ ಹೋಗುತ್ತೆ ಅಜ್ಜಾ."

ನಾನು ಇಷ್ಟು ವರ್ಷ ಐದು ತಾಲ್ಲೂಕಿನಲ್ಲಿ ಸಾರಿದ್ದೆಲ್ಲ ಆ ಒಂದು ಮಾತಿಗೆ ಗಾಳಿ ಹೋದ ಟ್ಯೂಬಿನಂತೆ ಕುಸಿದು ಕೂತಿತು. ಶೇಖಾವಲಿ ನನ್ನ ಕಡೆ ನೋಡಿದ. ಪಾಪ, ಅವನಿಗಿಂತ ನನ್ನ ಮುಖವೇ ಹೆಚ್ಚು ಬಾಡಿತ್ತಂತೆ.

"ಹಂಗಾರ ನನ್ನದ್ಯಾಕ ಹೋಗವಲ್ದು?" ಎಂದು ಕೇಳಿದ ಅವನು.

ಡಾಕ್ಟರು ಚಿತ್ರವನ್ನು ದೀಪದ ಮುಂದೆ ಹಿಡಿದರು. ಬೆನ್ನೆಲುಬಿನ ಮಣಿಗಳ ನಡುವೆ ಒಂದೊಂದು ಮೆತ್ತನೆಯ ಗಾದಿ ಇರುತ್ತದೆ. ಕೆಳಗಿನ ಒಂದು ಗಾದಿ ಹರಿದು, ಒಳಗಿನದು ಹೊರಗೆ ಉಕ್ಕಿ, ಪಾದ ಎತ್ತುವ ನರದ ಮೇಲೆ ಕೂತಿತ್ತು.

"ರಾಡ್ ಹಾಕ್ತೀರೇನ್ರಿ?" ಸೈದಾ ಬೀ ಕೇಳಿದಳು.

"ಎಲ್ಲರಿಗೂ ಹಾಕಲ್ಲಮ್ಮಾ. ಬೆನ್ನುನೋವು ಅಂತ ಬಂದ ಬಹಳ ಜನಕ್ಕೆ ನಾನು ಆಪರೇಷನ್ನೇ ಮಾಡಲ್ಲ. ಮಾತ್ರೆ, ವ್ಯಾಯಾಮದಲ್ಲೇ ಸರಿಹೋಗ್ತಾರೆ. ಕೆಲವರಿಗೆ ನರದ ಬುಡಕ್ಕೆ ಒಂದು ಇಂಜೆಕ್ಷನ್ ಕೊಟ್ಟು ನೋಡ್ತೀವಿ. ಎಲುಬು ಒಂದರ ಮೇಲಿಂದ ಒಂದು ಜಾರಿ ಅಲುಗಾಡ್ತಿದ್ರೆ ಆಗ ಸ್ಕ್ರೂ, ರಾಡು ಹಾಕಿ ಎರಡನ್ನೂ ಕೂಡಿಸಬೇಕಾಗುತ್ತೆ. ವಯಸ್ಸಾಗಿ ನರ ಹೋಗೋ ದಾರಿನೇ ಕಿರಿದಾಗಿದ್ರೆ ಎಲುಬನ್ನ ಅಷ್ಟು ಕೆತ್ತಿ ದಾರಿ ಅಗಲ ಮಾಡ್ತೀವಿ. ಇವರದ್ದು ಎರಡೂ ಅಲ್ಲ. ಸಣ್ಣದಾಗಿ ಕೊಯ್ದು, ದುರ್ಬೀನು ಇಟ್ಟು ನೋಡಿ, ನರದ ಮೇಲೆ ಕೂತಿರೋ ಚೂರನ್ನ ತೆಗೆದುಬಿಟ್ರೆ ಆಯ್ತು. ಆದ್ರೆ ತಡ ಮಾಡೋ ಹಾಗಿಲ್ಲ. ನೋವಿಗಾದ್ರೆ ಕಾಯಬಹುದು, ಕಾಲು ಸೋತಾಗ ಕಾಯಬಾರದು."

"ಅಂದ್ರ ಕಮಾನ್ ಕಟ್ಟು ಪೂರ್ತಿ ಬಿಚ್ಚಂಗಿಲ್ಲ," ಎಂದ ಶೇಖಾವಲಿ. "ನಡುವ ಸಿಕ್ಕೊಂಡ ರಬ್ಬರ್ ಚೂರು ತಗದ್ರ ಸಾಕು ಅಂತೀರಿ."

"ಹೌದು."

"ಕಾಲು ಬರ್ತೈತೇನ್ರಿ?"

ಡಾಕ್ಟರು ಚಿತ್ರವನ್ನು ಕೆಳಗಿಟ್ಟರು. "ಕಾಲಿನ ನೋವು ಹೋಗುತ್ತೆ ಅನ್ನೋ ನಂಬಿಕೆ ನನಗಿದೆ. ಪಾದ ಏಳೋದು ಮಾತ್ರ ನರಕ್ಕೆ ಎಷ್ಟು ಪೆಟ್ಟಾಗಿದೆ ಅನ್ನೋದರ ಮೇಲಿದೆ. ಬಹಳ ಜನಕ್ಕೆ ಬರುತ್ತೆ, ಕೆಲವರಿಗೆ ಅರ್ಧ ಬರುತ್ತೆ, ಕೆಲವರಿಗೆ ಬರಲ್ಲ. ಗ್ಯಾರಂಟಿ ಕೊಡಲ್ಲ ಅಜ್ಜಾ."

"ಬಿಡ್ರಿ ತಾಯಿ," ಎಂದ ಶೇಖಾವಲಿ. "ಇಷ್ಟು ಮಂದಿನ ಒದ್ದೀನಿ, ನಾನೂ ಯಾರಿಗೂ ಗ್ಯಾರಂಟಿ ಕೊಟ್ಟಿಲ್ಲ."

ಮರುದಿನ ಬೆಳಿಗ್ಗೆ ಅವನನ್ನು ಒಳಗೆ ಕರೆದುಕೊಂಡು ಹೋದರು. ಬೆನ್ನಿನ ರೋಗಿಯನ್ನು ಬೋರಲು ಮಲಗಿಸಿಯೇ ಕೊಯ್ಯುವುದಂತೆ. ತನ್ನ ಬಂಡೆಯ ಮೇಲೆ ಮಂದಿ ಮಲಗಿದಂತೆ ಅವನು ಅಲ್ಲಿ ಮಲಗಿದ. ಹೊರಗೆ ಸೈದಾ ಬೀ ತಸ್ಬಿಯ ಮಣಿ ಎಣಿಸುತ್ತಿದ್ದಳು. ನನಗೆ ಎಣಿಸಲು ಏನೂ ಇಲ್ಲದೆ, ಎದುರಿನ ಗೋಡೆಯ ಟೈಲ್ಸಿನ ಹೂಗಳ ಎಸಳು ಎಣಿಸುತ್ತ, ತಪ್ಪುತ್ತ, ಮತ್ತೆ ಮೊದಲಿಂದ ಎಣಿಸುತ್ತ ಕೂತೆ. ಬಾಗಿಲು ತೆರೆದಾಗ ನಾವಿಬ್ಬರೂ ಒಮ್ಮೆಗೇ ಎದ್ದೆವು.

ಡಾಕ್ಟರು ಒಂದು ಸಣ್ಣ ಡಬ್ಬಿ ತೋರಿಸಿದರು. ಅದರಲ್ಲಿ ಏಡಿಯ ಮಾಂಸದಂಥ ಬಿಳಿ ಚೂರು, ಕಡಲೆಕಾಳಿಗಿಂತ ಒಂದಿಷ್ಟು ದೊಡ್ಡದು. ಈ ಕಾಳು ಸಾಯಬ್ರನ್ನು ಇಷ್ಟು ದಿನ ಮಗ್ಗುಲಾಗಲು ಬಿಡಲಿಲ್ಲವೇ ಎಂದು ಸೈದಾ ಬೀ ಅದನ್ನು ಸವತಿಯನ್ನು ನೋಡುವಂತೆ ನೋಡಿದಳು.

ಎಚ್ಚರವಾದ ಶೇಖಾವಲಿ ಮೊದಲು ಆಡಿದ ಮಾತು, "ಕರೆಂಟ್ ಹೋಗೇತಿ."

ನರ್ಸಮ್ಮ ದೀಪ ನೋಡಿದಳು. ಉರಿಯುತ್ತಿತ್ತು. ಸೈದಾ ಬೀಗೆ ಮಾತ್ರ ತಿಳಿಯಿತು. ಸೊಂಟದಿಂದ ಮೀನಖಂಡಕ್ಕೆ ಹೊಡೆಯುತ್ತಿದ್ದ ಕರೆಂಟು. ಅವಳು ಅಲ್ಲೇ ಮಂಚದ ಅಂಚಿಗೆ ಕೂತು, ಎಷ್ಟೋ ವಾರದ ಉಸಿರನ್ನು ಒಮ್ಮೆಗೇ ಬಿಟ್ಟಳು. ಆ ಉಸಿರಿಗೆ ಕಿಟಕಿಯ ಪರದೆ ಅಲ್ಲಾಡಿತು ಎಂದರೆ ನೀವು ನಂಬುವುದಿಲ್ಲ, ಬಿಡಿ.

ಆದರೆ ಪಾದ ಏಳಲಿಲ್ಲ. ಅವತ್ತು ಸಂಜೆಯೂ ಏಳಲಿಲ್ಲ. ಮಾರನೆಯ ದಿನ ಅವನನ್ನು ನಿಲ್ಲಿಸಿದರು, ನಡೆಸಿದರು. ಬೆನ್ನು ಕೊಯ್ಸಿಕೊಂಡವನು ಎದ್ದು ನಡೆದದ್ದನ್ನು ನಾನು ಕಣ್ಣಾರೆ ನೋಡಿದೆ. ಆದರೆ ಪಾದ ನೆಲ ಒರೆಸುತ್ತಲೇ ಇತ್ತು. ಸೈದಾ ಬೀ ಒಲೆಯ ಮೇಲಿಟ್ಟ ಹಾಲನ್ನು ಕಾಯುವಂತೆ ಆ ಹೆಬ್ಬೆರಳನ್ನು ಕಾಯುತ್ತಿದ್ದಳು. ಶೇಖಾವಲಿ ಅದರ ಕಡೆ ನೋಡುವುದನ್ನೇ ಬಿಟ್ಟಿದ್ದ.

ಪಕ್ಕದ ಮಂಚದಲ್ಲಿ ಹಡಗಲಿಯ ಮೈಲಾರೇಶ್ ಎಂಬ ಹಮಾಲಿ ಇದ್ದ. ಚೀಲ ಹೊತ್ತು ಹೊತ್ತು ಕುತ್ತಿಗೆಯ ಗಾದಿ ಹೋಗಿ, ಕೈಬೆರಳು ಮರಗಟ್ಟಿ, ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗದಂತಾಗಿತ್ತು. ಆಪರೇಷನ್ ಆಗಿ ವಾರವಾಗಿತ್ತು. ಈಗ ದಿನವಿಡೀ ಅವನದು ಒಂದೇ ಕೆಲಸ, ಗುಂಡಿ ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ಹಾಕಿದಾಗಲೆಲ್ಲ ನಮ್ಮ ಕಡೆ ನೋಡಿ ಹಲ್ಲು ಬಿಡುವುದು.

"ನಿಮಗ ಹಿಂದ ಕೊಯ್ದಾರ," ಎಂದ ಅವನು ಶೇಖಾವಲಿಗೆ. "ನನಗ ಗಂಟಲ ಕಡಿಂದ ಕೊಯ್ದಾರ ನೋಡ್ರಿ. ರೋಗ ಕುತ್ತಿಗಿ ಎಲುಬಿನಾಗ, ದಾರಿ ಮುಂದಿಂದ! ಹಾಳಾದ ಗಾದಿ ತಗದು, ಆ ಜಾಗಕ್ಕ ಒಂದು ಸಣ್ಣ ಪಂಜರ ಕುಂದ್ರಿಸ್ಯಾರಂತ. ಒಳಗ ಹೋಗಾಗ ನಾನು ಡಾಕ್ಟರಮ್ಮಗ ಕೇಳಿದೆ. ಯವ್ವಾ, ಹಿತ್ತಲಾಗಿನ ಇಲಿ ಹಿಡಿಯಾಕ ಪಡಸಾಲಿ ಯಾಕ ಅಗಿತೀ?"

"ಅದಕ್ಕ ಅವ್ರೇನಂದ್ರು?"

"ಏನೂ ಅನ್ಲಿಲ್ರಿ. ಸೂಜಿ ಚುಚ್ಚಿ ಮಲಗಿಸಿಬಿಟ್ರು."

ಶೇಖಾವಲಿ ನಕ್ಕ. ಹೊಲಿಗೆ ಎಳೆಯಬಾರದು ಎಂದು ಸೊಂಟ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆ ನಗುವಿನ ನಡುವೆ ಸೈದಾ ಬೀ ಚೀರಿದಳು.

"ಎದ್ತು! ಯಾ ಅಲ್ಲಾ, ಬೆನಕಪ್ಪಣ್ಣ, ಎದ್ತು!"

"ಸುಮ್ನಿರಬೇ, ನಕ್ಕಾಗ ಮೈ ಅಲುಗಾಡಿರಬೇಕು," ಎಂದ ಶೇಖಾವಲಿ. ಆದರೆ ನಗು ನಿಂತಿತ್ತು. ಅವನು ಹೆಬ್ಬೆರಳನ್ನು ನೋಡಿದ. ಎತ್ತು ಅಂದುಕೊಂಡ. ಹೆಬ್ಬೆರಳು ಎಳ್ಳುಕಾಳಿನಷ್ಟು ಮೇಲೆ ಬಂತು, ನಿಂತಿತು, ಇಳಿಯಿತು. ಮತ್ತೆ ಎತ್ತಿದ. ಮತ್ತೆ ಬಂತು.

ನಾನು ದೊಡ್ಡ ದೊಡ್ಡವನ್ನು ಹೇಳಿ ಬದುಕಿದವನು. ಆ ಎಳ್ಳುಕಾಳಿನಷ್ಟನ್ನು ಹಿಗ್ಗಿಸಿ ಹೇಳಲು ನನಗೆ ಇವತ್ತಿಗೂ ಒಂದು ಮಾತು ಸಿಕ್ಕಿಲ್ಲ. ಮೈಲಾರೇಶ್ ಮಂಚದಿಂದಿಳಿದು ಬಂದು, ತನ್ನ ಅಂಗಿಯ ಗುಂಡಿ ಸರಿಯಿದ್ದುದನ್ನು ಇನ್ನೊಮ್ಮೆ ನೋಡಿಕೊಂಡು, ಶೇಖಾವಲಿಯ ಕೈ ಹಿಡಿದುಕೊಂಡ. ಸೈದಾ ಬೀ ವಾರ್ಡಿನ ಎಲ್ಲರಿಗೂ ಖರ್ಜೂರ ಹಂಚಿದಳು. ನರ್ಸಮ್ಮನಿಗೆ ಎರಡು ಸಲ.

ಡಾಕ್ಟರು ಬಂದು ನೋಡಿದರು. "ಇ‌ಷ್ಟು ಎದ್ದಿದೆ ಅಂದ್ರೆ ನರಕ್ಕೆ ಜೀವ ಇದೆ. ಉಳಿದದ್ದು ನಿಧಾನಕ್ಕೆ ಬರುತ್ತೆ, ತಿಂಗಳುಗಟ್ಟಲೆ ಹಿಡಿಯಬಹುದು. ವ್ಯಾಯಾಮ ತಪ್ಪಿಸಬೇಡಿ. ಇನ್ನುಮುಂದೆ ಆ ಕಬ್ಬಿಣದ ಕಟ್ಟು ಎತ್ತೋ ಹಾಗಿಲ್ಲ."

"ಆತ್ರಿ. ಮತ್ತ ಮಂದಿ ಬರ್ತಾರಲ್ರಿ, ಅವ್ರಿಗೆ..."

ಡಾಕ್ಟರಿಗೆ ತಿಳಿಯಿತು. ಈ ಸಲ ಅವರಿಗೆ ನಗು ತಡೆಯಲಾಗಲಿಲ್ಲ. "ಒದೀಬೇಡಿ. ಕಾಲು ವಾಸಿಯಾದ ಮೇಲೆ ಮೆತ್ತಗೆ ಮುಟ್ಟಿಸಿದ್ರೆ ನಂದೇನೂ ತಕರಾರಿಲ್ಲ. ಆದ್ರೆ ಮುಟ್ಟೋಕೆ ಮುಂಚೆ ಕೇಳಬೇಕು. ಕಾಲು ಜೋಮು ಹಿಡಿದಿದೆಯಾ, ಬಲ ಕಡಿಮೆಯಾಗಿದೆಯಾ, ಮೂತ್ರ ಕಟ್ಟಿದೆಯಾ, ಜ್ವರ ಬರ್ತಿದೆಯಾ. ಒಂದಕ್ಕೆ ಹೌದು ಅಂದ್ರೂ ನಿಮ್ಮ ಕಾಲಲ್ಲ, ಬಸ್ಸು ಹತ್ತಿಸಿ ಕಳಿಸಿ."

ಊರಿಗೆ ಬಂದ ಮೇಲೆ ಶೇಖಾವಲಿ ಹಾಗೆಯೇ ನಡೆದುಕೊಂಡ. ಭಾರ ಎತ್ತುವುದಕ್ಕೆ ಚೈನ್ ಪುಲ್ಲಿ ಕಟ್ಟಿಸಿದ, ತಾನು ಸ್ಟೂಲಿನ ಮೇಲೆ ಕೂತು ಬಾಯಿಯಿಂದ ಕೆಲಸ ಮಾಡಿಸಿದ. ಬೆಳಿಗ್ಗೆ ಸಂಜೆ ಪಾದಕ್ಕೊಂದು ಪಟ್ಟಿ ಸಿಕ್ಕಿಸಿ ಎಳೆಯುವ ವ್ಯಾಯಾಮ. ದೀಪಾವಳಿ ದಾಟುವಷ್ಟರಲ್ಲಿ ಚಪ್ಪಲಿ ಕಾಲಲ್ಲೇ ನಿಲ್ಲತೊಡಗಿತು. ಅವನು ಆಪರೇಷನ್ ಮಾಡಿಸಿಕೊಂಡ ಸುದ್ದಿ ಐದು ತಾಲ್ಲೂಕಿಗೂ ಹಬ್ಬಿತ್ತು. ಹಬ್ಬಿಸಿದವನು ನಾನೇ, ಕೊಯ್ದ ಗುರುತಿನ ಉದ್ದ ಮೊಳಕ್ಕಿಂತ ಕಡಿಮೆ ಹೇಳಿಲ್ಲ. ಇನ್ನು ಬಂಡೆಯ ಕಡೆ ಯಾರೂ ಸುಳಿಯುವುದಿಲ್ಲ ಎಂದುಕೊಂಡಿದ್ದೆವು. ಮಂದಿ ಬಂದರು. ಮೊದಲಿಗಿಂತ ಹೆಚ್ಚು ಬಂದರು, ಕೆಲವರು ಬರೀ ಆಪರೇಷನ್ನಿನ ವಿಚಾರ ಕೇಳುವುದಕ್ಕೆ. ಅವನು ಎಲ್ಲರನ್ನೂ ಕೂರಿಸಿಕೊಂಡು ಪೊಲೀಸರಂತೆ ವಿಚಾರಣೆ ಮಾಡುತ್ತಿದ್ದ. ಕಾಲು ಜೋಮು ಎಂದ ಕೊಟ್ಟೂರಿನ ಒಬ್ಬ ಹೆಣ್ಣುಮಗಳನ್ನು ತಾನೇ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ದಾವಣಗೆರೆ ಬಸ್ಸು ಹತ್ತಿಸಿ ಬಂದ. ಅವಳಿಗೆ ಇಂಜೆಕ್ಷನ್ನಿನಲ್ಲೇ ಹೋಯಿತಂತೆ.

ಮೊನ್ನೆ ಬೆಳಿಗ್ಗೆ ಗುರುಬಸವರಾಜ ಬಂದ. ವಿಚಾರಣೆಯಲ್ಲಿ ಪಾಸಾದ. ಬರೀ ಉಳುಕು, ಬೇರೇನೂ ಇಲ್ಲ. ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲೇ ಬಂಡೆಯ ಮೇಲೆ ಬೋರಲು ಬಿದ್ದ. ಶೇಖಾವಲಿ ಕಾಲು ತೊಳೆದು ಬಂದು ಎಡಗಾಲು ಎತ್ತಿದ. ಪಾದ ನೆಟ್ಟಗೆ ಮೇಲೆದ್ದು ಮೆತ್ತಗೆ ಇಳಿಯಿತು. ಗುರುಬಸವರಾಜ ಎದ್ದು ಕೈ ಮುಗಿದು ಹಿಂದೆ ನೋಡದೆ ಹೋದ.

ನನಗೆ ತಡೆಯಲಾಗಲಿಲ್ಲ. "ಲೇ ಶೇಖಾ, ಡಾಕ್ಟರಮ್ಮ ಹೇಳಿದ್ದು ಖರೇ ಆದ್ರ, ಬೆನ್ನು ತಾನ ವಾಸಿ ಆಗೂದಾದ್ರ, ಹುಟ್ಟಿದಾಗಿಂದ ನಿನ್ನ ಈ ಕಾಲು ಕಡದು ಗುಡ್ಡಿ ಹಾಕಿದ್ದೇನು?"

ಶೇಖಾವಲಿ ಚಪ್ಪಲಿಗೆ ಕಾಲು ತೂರಿಸುತ್ತ, ಗುರುಬಸವರಾಜ ಹೋದ ದಿಕ್ಕನ್ನು ಗಲ್ಲದಿಂದ ತೋರಿಸಿದ.

"ಬೆನ್ನು ತಾನ ವಾಸಿ ಆಗಿರಬಹುದು ಬಿಡಲೇ ಬೆನಕಾ. ಆದ್ರ ಮೆಂಬರು, ಸಾವ್ಕಾರ, ಪೊಲೀಸ್ನಾರು, ಎಲ್ಲಾರ್ನೂ ನೆಲಕ್ಕ ಕೆಡವಿ ಒದ್ದು, ಮ್ಯಾಲೆ ಅವ್ರ ಕಡಿಂದನ ಕೈ ಮುಗಿಸ್ಕೊಂಡ ಇನ್ನೊಬ್ಬ ಮಗನ್ನ ಈ ಐದು ತಾಲ್ಲೂಕಿನಾಗ ತೋರ್ಸು ನೋಡೂಣು!"